ಮೂರನೇ ಎಲೆಯ ಅನ್ನ

ಬಾಯಿ ತುಂಬ ಹುಣ್ಣಾದಾಗ ಉಣ್ಣುವುದು ಕಷ್ಟ ಎಂದು ಎಲ್ಲರೂ ಹೇಳಿದ್ದರು. ಉಣ್ಣುವುದನ್ನು ಮನೆಯವರು ನೋಡುತ್ತಾ ಕೂರುವುದು ಅದಕ್ಕಿಂತ ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಬಾಗಿಲು ಹಾಕಿಸಿದೆ. ಮುಂದೆ ನಡೆದ ವಿಚಿತ್ರಕ್ಕೆಲ್ಲ ಆ ಬಾಗಿಲೇ ಕಾರಣ. ಈಗ ಇದೇ ದಾರಿಯಲ್ಲಿರುವವರು ಯಾರಾದರೂ ಓದಲಿ ಎಂದು ಬರೆಯುತ್ತಿದ್ದೇನೆ. ಧೈರ್ಯ ಹೇಳುವ ಯೋಗ್ಯತೆ ನನಗಿಲ್ಲ, ಪಕ್ಕದಲ್ಲಿ ಕೂರಬಲ್ಲೆ ಅಷ್ಟೆ.

ಗೋಣಿಬೀಡಿನ ಬಸ್ ಸ್ಟಾಪಿನ ಎದುರು ನನ್ನದೊಂದು ಅಂಗಡಿ. ಕೊಡೆ, ರೇನ್‌ಕೋಟು, ಗಂಬೂಟು, ಎಸ್ಟೇಟಿನ ಆಳುಗಳು ಮಳೆಗೆ ತಲೆಯಿಂದ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ ಮಾರುತ್ತೇನೆ. ವ್ಯಾಪಾರಕ್ಕಿಂತ ಮಾತು ಹೆಚ್ಚು. ಗಂಗಾಧರನ ಅಂಗಡಿಗೆ ಹತ್ತಿದರೆ ಬಸ್ ತಪ್ಪುತ್ತದೆ ಎಂದು ಊರವರು ನಗುತ್ತಿದ್ದರು. ಮಾತಿನ ಜೊತೆಗೆ ಎಲೆಯಡಿಕೆ, ಎಲೆಯಡಿಕೆಯೊಳಗೆ ಹೊಗೆಸೊಪ್ಪು. ಐವತ್ತೆರಡನೇ ವಯಸ್ಸಿನಲ್ಲಿ ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ಹಲ್ಲು ತಾಗಿರಬೇಕು ಎಂದುಕೊಂಡು ಮೂರು ತಿಂಗಳು ವಿಟಮಿನ್ ಮಾತ್ರೆ ನುಂಗಿದೆ. ನನ್ನ ಹೆಂಡತಿ ಶೈಲಾ ಹೈಸ್ಕೂಲ್ ಟೀಚರು. ಒಂದು ಸಂಜೆ ಟಾರ್ಚ್ ಹಿಡಿದು ಬಾಯಿ ನೋಡಿದಳು, ಟಾರ್ಚ್ ಆರಿಸಿದಳು, ಮಂಗಳೂರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಮಂಗಳೂರಿನ ಆಸ್ಪತ್ರೆಯಲ್ಲಿ ನಾಲಿಗೆಯ ಅಂಚಿನಿಂದ ಒಂದು ತುಂಡು ತೆಗೆದರು. ಗಾಯ ಮಾಗಿದ ಮೇಲೆ ಮೂವತ್ತು ಸಲ ರೇಡಿಯೇಶನ್ ಕಿರಣ ಕೊಡಬೇಕು, ನಡುವೆ ನಿಲ್ಲಿಸುವ ಹಾಗಿಲ್ಲ ಎಂದರು. ಸೋಮವಾರದಿಂದ ಶುಕ್ರವಾರದವರೆಗೆ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ, ಶನಿವಾರ ಭಾನುವಾರ ಮನೆ. ಹೀಗೆ ಪ್ರತಿ ವಾರ ಚಾರ್ಮಾಡಿ ಘಾಟಿ ಇಳಿದು ಹತ್ತಿದೆವು. ಮಂಜು ಬಿದ್ದ ದಿನ ಬಸ್ಸಿನ ಗಾಜಿನಾಚೆ ಏನೂ ಕಾಣುತ್ತಿರಲಿಲ್ಲ. ತಿರುವಿನಲ್ಲಿ ಎದುರಿನ ಲಾರಿಯ ಹಾರ್ನ್ ಮಾತ್ರ ಕೇಳಿ, ಲಾರಿ ಕಾಣದೆಯೇ ದಾಟಿಹೋಗುತ್ತಿತ್ತು.

ಕಿರಣದ ಕೋಣೆಯ ಗೋಡೆಗೆ ಒಂದು ಉದ್ದನೆಯ ಶೆಲ್ಫು. ಅದರ ತುಂಬ ಮುಖಗಳು. ತಲೆ ಅಲ್ಲಾಡದಂತೆ ಹಿಡಿಯಲು ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ನಮ್ಮ ನಮ್ಮ ಮುಖದ ಮೇಲೆ ಒತ್ತಿ ಅಚ್ಚು ತೆಗೆದಿರುತ್ತಾರೆ. ಮೂಗು, ಹಣೆ, ಗಲ್ಲ ಎಲ್ಲ ನಮ್ಮದೇ, ಕಣ್ಣಿನ ಜಾಗ ಮಾತ್ರ ಖಾಲಿ. ಪ್ರತಿ ಮುಖದ ಹಣೆಯ ಮೇಲೂ ಹೆಸರಿನ ಚೀಟಿ. ಹೋದ ಕೂಡಲೇ ನನ್ನ ಮುಖ ಅಲ್ಲಿದೆಯೇ ಎಂದು ನೋಡುತ್ತಿದ್ದೆ. ಆಮೇಲೆ ಯಾರದು ಇಲ್ಲ ಎಂದು ಹುಡುಕುತ್ತಿದ್ದೆ.

ವೇಟಿಂಗ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಕಳಸದ ಕಡೆಯ ತಿಮ್ಮಪ್ಪ ಮೇಸ್ತ್ರಿಯದು. ಒಂದು ಕಾಫಿ ಎಸ್ಟೇಟಿನಲ್ಲಿ ಆಳು ನೋಡಿಕೊಳ್ಳುವ ಕೆಲಸ. ನನಗಿಂತ ಎರಡು ವಾರ ಮುಂದಿದ್ದ. ಬಾಯಿ ಮುಕ್ಕಳಿಸಲು ಉಪ್ಪು ಸೋಡಾಪುಡಿ ಬೆರೆಸಿದ ನೀರಿನ ಬಾಟಲಿ ಸದಾ ಅವನ ಕೈಯಲ್ಲಿ.

"ನೋವಿಗೆ ಕಾಯ್ಬೇಡಿ ಅಣ್ಣ," ಎನ್ನುತ್ತಿದ್ದ. "ನೋವಿರ್ಲಿ ಬಿಡ್ಲಿ, ಎರಡೆರಡು ಗಂಟೆಗೆ ಮುಕ್ಕಳ್ಸಿ. ಮರಗಟ್ಟೋ ಜೆಲ್ ಹಚ್ಚಿದ್ ಮೇಲೆ ಜಾಸ್ತಿ ಹೊತ್ತು ಕೂರ್ಬೇಡಿ, ಅದು ಇಳಿಯೋದ್ರೊಳಗೆ ಗಂಜಿ ಕುಡ್ದುಬಿಡಿ. ಬಿಸಿ ಮುಟ್ಬೇಡಿ."

ಒಂದು ಸೋಮವಾರ ಅವನ ಕುರ್ಚಿ ಖಾಲಿ ಇತ್ತು. ಶೆಲ್ಫಿನಲ್ಲಿ ಅವನ ಮುಖವೂ ಇರಲಿಲ್ಲ. ಕೇಳಿದರೆ ಅಲ್ಲಿನ ಹುಡುಗಿ ನಕ್ಕಳು: "ಅವರದ್ದು ಶುಕ್ರವಾರ ಮುಗೀತಲ್ಲ ಮಾರ್ರೆ! ಮಾಸ್ಕ್ ಮನೆಗೆ ತಗೊಂಡು ಹೋದ್ರು. ಕೋಲಿಗೆ ಕಟ್ಟಿ ತೋಟದಲ್ಲಿ ನಿಲ್ಲಿಸ್ತಾರಂತೆ, ಮಂಗಗಳು ಹೆದರ್ತಾವೆ ಅಂತ." ನಗಬೇಕಿತ್ತು. ಕಾಫಿ ಗಿಡಗಳ ನಡುವೆ ಕಣ್ಣಿಲ್ಲದೆ ನಿಂತ ತಿಮ್ಮಪ್ಪನ ಮುಖ ನೆನಪಾಗಿ ಆಗಲಿಲ್ಲ.

ಮೂರನೇ ವಾರಕ್ಕೆ ನನ್ನ ಬಾಯಿ ನನ್ನದಾಗಿ ಉಳಿದಿರಲಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ಗಂಟಲವರೆಗೆ ಹುಣ್ಣು. ನೀರು ಕುಡಿದರೆ ಉರಿ, ಎಂಜಲು ನುಂಗಿದರೆ ಉರಿ. ಎಂಜಲೋ ಅಂಟಂಟಾಗಿ ನೂಲಿನಂತೆ ಎಳೆಯುತ್ತಿತ್ತು. ರುಚಿ ಎಂಬುದು ಹೋಯಿತು. ಹಾಲು, ಗಂಜಿ, ಎಳನೀರು ಎಲ್ಲಕ್ಕೂ ತುಕ್ಕು ಹಿಡಿದ ಕಬ್ಬಿಣದ ಒಂದೇ ರುಚಿ. ಮಾತು ನಿಂತಿತು. ಮಗಳು ಚಿನ್ಮಯಿ ತನ್ನ ಹಳೆಯ ಸ್ಲೇಟು ಹುಡುಕಿ ಕೊಟ್ಟಳು. ಇಡೀ ಊರಿಗೆ ಮಾತು ಹಂಚುತ್ತಿದ್ದವನು ಬಳಪದಲ್ಲಿ "ನೀರು", "ಬೇಡ", "ಹೋಗಿ" ಎಂದು ಬರೆಯುತ್ತಿದ್ದೆ.

ಒಂದು ಚಮಚ ಗಂಜಿಗೆ ಐದು ನಿಮಿಷ ಬೇಕಾಗುತ್ತಿತ್ತು. ಕಣ್ಣಲ್ಲಿ ನೀರು, ಗಲ್ಲದ ಮೇಲೆ ಗಂಜಿ. ಶೈಲಾ, ಚಿನ್ಮಯಿ, ನನ್ನ ಅವ್ವ, ಮೂವರೂ ಎದುರು ಕೂತು ನಾನು ನುಂಗುವಾಗ ತಾವೂ ನುಂಗುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾಲ್ಕನೇ ವಾರ ಮನೆಗೆ ಬಂದಾಗ ಸ್ಲೇಟಿನ ಮೇಲೆ ಬರೆದೆ: "ಊಟ ಇಟ್ಟು ಬಾಗಿಲು ಹಾಕಿ."

ಅಂದಿನಿಂದ ಹಾಗೇ ಆಯಿತು. ನಾನಿದ್ದದ್ದು ಬಚ್ಚಲಿಗೆ ಹತ್ತಿರದ ನಡುಕೋಣೆಯಲ್ಲಿ. ಅಪ್ಪನ ಕೋಣೆ ಅದು, ಹಿರಿಯರ ಫೋಟೋಗಳು ಇರುವುದೂ ಅಲ್ಲೇ. ಶೈಲಾ ಮೆತ್ತಗೆ ಬಂದು ಬಟ್ಟಲು, ನೀರಿನ ಲೋಟ ಇಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಾಗಿಲು ಎಳೆಯುತ್ತಿದ್ದಳು. ಹೊರಗೆ ಎಲ್ಲರೂ ಪಿಸುಮಾತು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಹೊರಗೆ ನಿಂತು ಕೆಮ್ಮುತ್ತಿದ್ದಳು, ಮೂರು ಸಲ ಬಾಗಿಲು ಬಡಿದು ಒಳಗೆ ಬರುತ್ತಿದ್ದಳು. ಬಟ್ಟಲಿನಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ಬಗ್ಗಿ ನೋಡುತ್ತಿದ್ದಳು.

ಇದು ನನಗೆ ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಎಂದು ಹೊಳೆದದ್ದು ಐದನೇ ವಾರದ ಶನಿವಾರ, ಪಕ್ಕದ ಮನೆಯ ಸುಮಿತ್ರಮ್ಮ ನೋಡಲು ಬಂದಾಗ. ನನ್ನ ಕೋಣೆಗೆ ಬರಲು ಅವರಿಗೆ ಧೈರ್ಯವಿರಲಿಲ್ಲ. ಹಜಾರದಲ್ಲೇ ಕೂತು ಅವ್ವನಿಗೆ ಹೇಳುತ್ತಿದ್ದರು: "ಎಷ್ಟು ಚೆನ್ನಾಗ್ ಮಾತಾಡೋರು ಗಂಗಣ್ಣ. ಎಷ್ಟು ನಗ್ಸೋರು. ಅಂಥಾ ಮನುಷ್ಯ ಅಲ್ವಾ."

ನಮ್ಮ ಮನೆಯಲ್ಲಿ ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ಬಾಳೆಲೆಯ ಮೇಲೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬೆನ್ನು ತೋರಿಸದೆ ಹೊರಬಂದು ಬಾಗಿಲು ಹಾಕುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಹೊರಗೆ ಕಾಯುತ್ತೇವೆ. ಒಳಗೆ ಹೋಗುವ ಮೊದಲು ಕೆಮ್ಮಿ, ಮೂರು ಸಲ ಬಾಗಿಲು ಬಡಿಯುತ್ತೇವೆ, ಉಣ್ಣುತ್ತಿರುವವರು ಗಾಬರಿಯಾಗದೆ ಎದ್ದು ಹೋಗಲಿ ಎಂದು. ವಾರದಿಂದ ಇವರು ನನಗೆ ಮಾಡುತ್ತಿದ್ದದ್ದು ಅದನ್ನೇ. ಬೇಕೆಂದು ಮಾಡಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಊಟ ಇಡುವ ರೀತಿ ಅವರಿಗೆ ಗೊತ್ತಿದ್ದದ್ದು ಅದೊಂದೇ. ಹೇಳಿಕೊಟ್ಟವನು ನಾನೇ.

ಆ ವಾರ ಆಸ್ಪತ್ರೆಯಲ್ಲಿ ತೂಕ ನೋಡಿದ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು: "ಇನ್ನು ಒಂದು ಕೆ.ಜಿ. ಇಳಿದ್ರೆ ಮೂಗಿನಿಂದ ಟ್ಯೂಬ್ ಹಾಕ್ಬೇಕಾಗ್ತದೆ. ಬೇಡ ಅಂತ ಹಟ ಮಾಡಿದ್ರೆ ಕಿರಣ ತಗೊಳ್ಳುವ ಶಕ್ತಿ ಇರೋದಿಲ್ಲ." ಟ್ಯೂಬ್ ಹಾಕಿಸಿಕೊಂಡವರು ವೇಟಿಂಗ್ ರೂಮಿನಲ್ಲಿ ನನಗಿಂತ ಆರಾಮವಾಗಿದ್ದರು, ಅದನ್ನು ಕಣ್ಣಾರೆ ಕಂಡಿದ್ದೆ. ಆದರೂ ನನಗೆ ಸಾಕಾಗಿತ್ತು. ಇನ್ನು ಐದು ಕಿರಣ ಬಾಕಿ. ಆ ಶನಿವಾರ ಸುಮಿತ್ರಮ್ಮ ಹೋದ ಮೇಲೆ ಶೈಲಾಳಿಗೆ ಸ್ಲೇಟು ತೋರಿಸಿದೆ: "ಸೋಮವಾರ ಬರಲ್ಲ. ಮುಗೀತು."

ಅವಳು ಬೈದಳು, ಅತ್ತಳು. ಚಿನ್ಮಯಿ ಕೈ ಹಿಡಿದುಕೊಂಡು ಬೇಡಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಒಂದು ಮಾತೂ ಆಡಲಿಲ್ಲ.

ಭಾನುವಾರ ಬೆಳಿಗ್ಗೆ ಶೈಲಾ ಹಣೆಗೆ ವಿಭೂತಿ ಹಚ್ಚಿ, ನೋವಿನ ಸಿರಪ್ ಕುಡಿಸಿದಳು. ಆ ಸಿರಪ್ ಕುಡಿದರೆ ನಿದ್ದೆಯಲ್ಲ, ಬಾವಿಗೆ ಇಳಿದ ಹಾಗೆ. ಕಣ್ಣು ಬಿಟ್ಟಾಗ ಕೋಣೆ ಅರೆಗತ್ತಲಾಗಿತ್ತು. ಕಿಟಕಿ ಮುಚ್ಚಿತ್ತು, ಆದರೆ ಹೆಂಚಿನ ಸಂದಿಯಿಂದ ಮಧ್ಯಾಹ್ನದ ಬಿಸಿಲಿನ ಗೆರೆ ಬಿದ್ದಿತ್ತು. ಊದುಬತ್ತಿ ಉರಿಯುತ್ತಿತ್ತು. ನೆಲದ ಮೇಲೆ ಒಂದು ದೀಪ. ದೀಪದ ಮುಂದೆ ಮೂರು ಬಾಳೆಲೆ. ಬಾಗಿಲು ಹಾಕಿತ್ತು. ಹೊರಗೆ ಒಂದು ಸದ್ದಿಲ್ಲ.

ಅಂದು ಮಹಾಲಯ ಅಮಾವಾಸ್ಯೆ. ನನಗೆ ಆಗ ನೆನಪಿದ್ದ ದಿನಗಳೆಂದರೆ ಕಿರಣದ ದಿನಗಳು ಮಾತ್ರ. ನನ್ನನ್ನು ಮುಂದಿನ ಕೋಣೆಗೆ ಕಳಿಸಿ ಎಡೆ ಇಡಬೇಕು ಎಂದು ಅವ್ವ ಹೇಳಿದ್ದಳಂತೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಎಬ್ಬಿಸಬೇಡಿ ಎಂದು ಶೈಲಾ ತಡೆದಿದ್ದಳು. ಮಂಚದ ಮೇಲೆ ಅತ್ತ ತಿರುಗಿ ಮಲಗಿದ್ದಾನೆ, ಇರಲಿ ಎಂದು ಅಲ್ಲೇ ಬಡಿಸಿ ಹೋಗಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಕ್ಷಣದಲ್ಲಿ ನನಗೆ ಬಂದ ಯೋಚನೆ ಒಂದೇ, ನಾನು ಸತ್ತಿದ್ದೇನೆ. ಹೆದರಿಕೆಯೂ ಆಗಲಿಲ್ಲ. ಯಾವಾಗ ಸತ್ತೆ, ಯಾರೂ ಹೇಳಲೇ ಇಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಮಂಚ ಇಳಿದು ನೆಲದ ಮೇಲೆ ಕೂತೆ. ಮೊದಲ ಎರಡು ಎಲೆಯಲ್ಲಿ ಕಡುಬು, ಹೋಳಿಗೆ, ಕೆಂಪಗೆ ಖಾರದ ಪಲ್ಯ, ಉಪ್ಪಿನಕಾಯಿ. ಅವು ತಾತ ಅಜ್ಜಿಯದು, ಫೋಟೋಗಳ ಕೆಳಗೇ ಇದ್ದವು. ಮೂರನೇ ಎಲೆಯಲ್ಲಿ ಕಡುಬಿಲ್ಲ, ಖಾರವಿಲ್ಲ. ಹಾಲಿನಲ್ಲಿ ಬೇಯಿಸಿ ನುಣ್ಣಗೆ ಕಿವುಚಿದ ಅನ್ನ, ಬಟ್ಟೆಯಲ್ಲಿ ಸೋಸಿದ ಸಿಹಿಗುಂಬಳ, ಮೇಲೆ ಬೆಣ್ಣೆ. ಹಲ್ಲಿಲ್ಲದ ಮಗುವಿಗೆ ಕೊಡುವಂಥದ್ದು. ಮೂರನೆಯದು ನನ್ನದು ಎಂಬುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಸತ್ತಿದ್ದರೆ ಅದು ನನ್ನ ಎಡೆ. ಬದುಕಿದ್ದರೆ ಅದು ನನ್ನ ಊಟ.

ಬೆರಳಿನ ತುದಿಯಲ್ಲಿ ಸ್ವಲ್ಪ ತೆಗೆದು ಬಾಯಿಗಿಟ್ಟೆ. ಬೆಚ್ಚಗೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಹುಣ್ಣಿನ ಮೇಲೆ ಜಾರಿ, ತಾನಾಗಿ ಗಂಟಲಿಗೆ ಇಳಿಯಿತು. ಇನ್ನೊಂದು ತುತ್ತು ತಿಂದೆ. ಪಕ್ಕದ ಎಲೆಗಳ ಮುಂದೆಯೂ ಯಾರೋ ಕೂತಿದ್ದಾರೆ ಎಂದು ನನಗೆ ಸ್ಪಷ್ಟವಾಗಿ ಅನ್ನಿಸುತ್ತಿತ್ತು. ಮೊಣಕಾಲು ಸರಿಸಿ ಜಾಗ ಬಿಟ್ಟುಕೊಟ್ಟೆ. ಅವರು ನನ್ನ ಬಾಯಿ ನೋಡುತ್ತಿರಲಿಲ್ಲ. ತಮ್ಮ ಪಾಡಿಗೆ ಉಣ್ಣುತ್ತಿದ್ದರು. ವಾರಗಟ್ಟಲೆ ಆದ ಮೇಲೆ ನಾನು ಜನರ ಜೊತೆ ಕೂತು ಉಂಡೆ. ಗಲ್ಲದ ಮೇಲೆ ಸೋರಿದ್ದನ್ನು ಒರೆಸಿಕೊಳ್ಳಲೂ ಇಲ್ಲ. ಎಲೆ ಖಾಲಿಯಾಯಿತು.

ಹೊರಗೆ ಕೆಮ್ಮು ಕೇಳಿಸಿತು. ಮೂರು ಸಲ ಬಾಗಿಲು ಬಡಿದರು.

ಬಾಗಿಲು ತೆರೆದವಳು ಅವ್ವ. ಹಿಂದೆ ಶೈಲಾ, ಚಿನ್ಮಯಿ. ದೀಪದ ಮುಂದೆ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದ ಒಣಕಲು ಮನುಷ್ಯನೊಬ್ಬ ಮೂರನೇ ಎಲೆ ಖಾಲಿ ಮಾಡಿ ಕೂತಿದ್ದ. ಚಿನ್ಮಯಿ ಕಿಟಾರನೆ ಕಿರುಚಿದಳು. ಅವ್ವ ಕಿರುಚಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನನ್ನನ್ನು ಎಂದೂ ಬಹುವಚನದಲ್ಲಿ ಮಾತಾಡಿಸದವಳು, ಸಣ್ಣ ದನಿಯಲ್ಲಿ ಕೇಳಿದಳು: "ಬಂದ್ರಾ?"

ಮೂರನೆಯದು ಅಪ್ಪನ ಎಲೆ ಎಂದು ನನಗೆ ಆಗ ಹೊಳೆಯಿತು. ಅವಳು ಇನ್ನೆರಡು ಹೆಜ್ಜೆ ಹತ್ತಿರ ಬಂದಳು. "ಉರೀಲಿಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಅಪ್ಪನ ಪರವಾಗಿ ಉತ್ತರ ಕೊಟ್ಟೆನೋ ನನ್ನ ಪರವಾಗಿಯೋ ಇವತ್ತಿಗೂ ಗೊತ್ತಿಲ್ಲ. ಆಗ ಅವಳ ಕಣ್ಣು ನನ್ನನ್ನು ಗುರುತು ಹಿಡಿಯಿತು. ಕುಸಿದು ನೆಲದ ಮೇಲೆ ಕೂತಳು. ಹಿರಿಯರ ಎಡೆಗೆ ಕೈಹಾಕಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಗಲ್ಲವನ್ನು ಸೆರಗಿನಿಂದ ಒರೆಸಿ, ಮೂವತ್ತು ವರ್ಷದಿಂದ ನನಗೆ ಹೇಳದೆ ಇದ್ದದ್ದನ್ನು ಹೇಳಿದಳು.

ಅಪ್ಪ ತೀರಿಕೊಂಡಾಗ ನಾನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಹೊಟ್ಟೆನೋವು ಎಂದು ಹೇಳಿದ್ದರು, ಅದನ್ನೇ ನಂಬಿದ್ದೆ.

"ಹೊಟ್ಟೆ ಅಲ್ಲ ಮಗ, ಬಾಯಿ," ಎಂದಳು ಅವ್ವ. "ನಿಂದೇ ಥರ. ಬಾಯಲ್ಲಿ ಆಗಿದೆ ಅಂದ್ರೆ ಊರವ್ರು ಏನೇನೋ ಮಾತಾಡ್ತಾರೆ ಅಂತ ಯಾರಿಗೂ ಹೇಳ್ಬೇಡ ಅಂದ್ರು. ದೊಡ್ಡಾಸ್ಪತ್ರೆಗೆ ಎರಡು ಸಲ ಹೋಗಿ ಬಂದ್ರು. ಮೂರನೇ ಸಲಕ್ಕೆ ಹೋಗಲ್ಲ, ಸಾಕು ಅಂದ್ರು. ಊಟ ಇಟ್ಟು ಬಾಗಿಲು ಹಾಕು ಅಂದ್ರು. ನಾನೂ ಹಾಕ್ದೆ. ಹೋಗ್ಲೇಬೇಕು ಅಂತ ಒಂದು ಮಾತು ಜೋರಾಗಿ ಹೇಳಿಲ್ಲ ನಾನು. ಕೆಮ್ಮಿ ಬಾಗಿಲು ತಟ್ಟಿ ಒಳಗ್ ಹೋದ್ರೆ ಅನ್ನ ಹಾಗೇ ಇರೋದು."

ಶೈಲಾ ಕೇಳಿದಳು, "ಮಾವನಿಗೆ ಖಾರ ಅಂದ್ರೆ ಪ್ರಾಣ ಅಂತಿದ್ರಲ್ಲ ಅತ್ತೆ. ಪ್ರತಿ ವರ್ಷ ಎಡೆಗೆ ಯಾಕೆ ಈ ಸಪ್ಪೆ ಅನ್ನ?"

"ಅವ್ರ ಬಾಯಿ ವಾಸಿ ಆಗಿದ್ಯೋ ಇಲ್ವೋ ನಂಗೆ ಹೆಂಗ್ ಗೊತ್ತಾಗ್ಬೇಕು?" ಎಂದಳು ಅವ್ವ. "ಬಂದು ಹೇಳೋರು ಯಾರಿದಾರೆ? ಖಾರ ಹಾಕಿ, ಪಾಪ, ಉರಿದ್ರೆ?"

ಒಬ್ಬ ಮನುಷ್ಯ ಸತ್ತ ಮೇಲೂ ಅವನ ಬಾಯಿಹುಣ್ಣಿಗೆ ಹೆದರುತ್ತಾ ಮೂವತ್ತು ವರ್ಷ ಅನ್ನ ಸೋಸಿದ್ದಳು. ನಾನು ಸೋಮವಾರ ಹೋಗದಿದ್ದರೆ ಇವಳು ಮುಂದಿನ ವರ್ಷದಿಂದ ಎರಡು ಎಲೆಗೆ ಸೋಸಬೇಕು ಎಂಬುದು ನನಗೆ ಅರ್ಥವಾಯಿತು. ಅಳು ಬಂತು. ಕಣ್ಣೀರಿನ ಉಪ್ಪು ತುಟಿಗೆ ತಾಗಿ ಉರಿಯಿತು, ಆದರೂ ಅತ್ತೆ. ಅವ್ವ ಮಂಚದ ಮೇಲಿದ್ದ ಸ್ಲೇಟು ತೆಗೆದುಕೊಂಡಳು. ಅವಳಿಗೆ ಓದು ಅಷ್ಟಕ್ಕಷ್ಟೆ. ಏನು ಬರೆದಿದೆ ಎಂದು ಕೇಳದೆಯೇ ಸೆರಗಿನಿಂದ ಒರೆಸಿದಳು.

"ನಾಳೆ ನಾನೂ ಬರ್ತೀನಿ," ಎಂದಳು.

ಆ ಒಂದು ಊಟದಿಂದ ಪವಾಡವೇನೂ ಆಗಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಸೋಮವಾರ ತೂಕ ಮತ್ತೂ ಇಳಿದಿತ್ತು. ಮೂಗಿನಿಂದ ಟ್ಯೂಬ್ ಹಾಕಿದರು. ಹಾಕುವಾಗ ಎರಡು ನಿಮಿಷ ಹಿಂಸೆ, ಆಮೇಲೆ ಅದರ ನೆನಪೇ ಇರುತ್ತಿರಲಿಲ್ಲ. ಇಷ್ಟಕ್ಕೆ ಅಷ್ಟು ಹಟ ಮಾಡಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಬಾಯಿಗೆ ರಜೆ ಸಿಕ್ಕಿತು. ಬಾಡಿಗೆ ಕೋಣೆಯಲ್ಲಿ ಅವ್ವ ಟ್ಯೂಬಿಗೆ ಬೇಕಾದ್ದನ್ನು ಎರಡೆರಡು ಸಲ ಸೋಸುತ್ತಿದ್ದಳು. ಡಯಟಿಷಿಯನ್ ಹುಡುಗಿ, "ಅಜ್ಜಿ, ನಿಮ್ಮಷ್ಟು ನುಣ್ಣಗೆ ನಮ್ಮ ಮಿಕ್ಸಿಯಲ್ಲಿ ಬರೋದಿಲ್ಲ," ಎಂದಳು. ಬಾಯಿ ಕೆಲಸ ಮರೆಯಬಾರದು ಎಂದು ದಿನಕ್ಕೆ ನಾಲ್ಕು ಸಲ ಬೆಣ್ಣೆ ಅನ್ನ ಒಂದೊಂದು ಬೆರಳಷ್ಟು ನುಂಗಿಸುತ್ತಿದ್ದಳು. ಸಿರಪ್ ಕುಡಿದು ಸ್ವಲ್ಪ ಹೊತ್ತು ಬಿಟ್ಟು ಉಂಡರೆ ಇಳಿಯುತ್ತದೆ ಎಂಬುದನ್ನು ಆ ಭಾನುವಾರವೇ ಕಲಿಸಿತ್ತು. ಬಾಗಿಲು ಮಾತ್ರ ಮತ್ತೆ ಹಾಕಲಿಲ್ಲ. ನೋಡುವವರು ನೋಡಲಿ ಎಂದು ಬಿಟ್ಟೆ.

ಐದು ಕಿರಣವೂ ಮುಗಿದವು. ಮುಗಿದ ಮೇಲೆ ಎರಡು ವಾರ ಹುಣ್ಣು ಇನ್ನೂ ಹೆಚ್ಚಾಯಿತು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಇಲ್ಲದಿದ್ದರೆ ಎದೆ ಒಡೆಯುತ್ತದೆ. ಆಮೇಲೆ ಒಂದೊಂದೇ ಮಾಗಿದವು. ಐದು ವಾರಕ್ಕೆ ಟ್ಯೂಬ್ ತೆಗೆದರು. ರುಚಿ ಬರಲು ತಿಂಗಳುಗಳೇ ಬೇಕಾದವು. ಮೊದಲು ಬಂದದ್ದು ಹುಳಿ, ಅದೂ ಒಂದು ಬೆಳಿಗ್ಗೆ ಮಜ್ಜಿಗೆ ಕುಡಿಯುವಾಗ ಹೇಳದೆ ಕೇಳದೆ. ಸಿಹಿ ಇವತ್ತಿಗೂ ಅರ್ಧ ಮಾತ್ರ. ಎಂಜಲು ಕಡಿಮೆ, ಹಾಗಾಗಿ ಅಂಗಡಿಯಲ್ಲಿ ನೀರಿನ ಬಾಟಲಿ ಪಕ್ಕದಲ್ಲೇ ಇರುತ್ತದೆ. ನಾಲ್ಕು ಮಾತು, ಒಂದು ಗುಟುಕು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಬೇಕು. ಎಲೆಯಡಿಕೆ ಬಿಟ್ಟೆ. ಕೈ ಈಗಲೂ ಜೇಬು ತಡಕುತ್ತದೆ.

ಮುಂದಿನ ವರ್ಷದ ಮಹಾಲಯ ಬಂತು. ಅವ್ವ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದಳು. ನನ್ನನ್ನು ಕರೆದಳು. ಒರಳಿನಲ್ಲಿ ಬೆಂಕಿಯಂಥ ಜೀರಿಗೆ ಮೆಣಸಿನಕಾಯಿಯ ಚಟ್ನಿ ರುಬ್ಬಿದ್ದಳು, ಅಪ್ಪನಿಗೆ ಬಲು ಇಷ್ಟವಾದದ್ದು. ಸಾಸಿವೆ ಕಾಳಿನಷ್ಟು ಬೆರಳಿಗೆ ತೆಗೆದು ನನ್ನ ಮುಂದೆ ಹಿಡಿದಳು.

"ತಿಂದು ನೋಡು."

ಶೈಲಾ ಗಾಬರಿಯಾದಳು. "ಎಡೆ ಇಡೋಕ್ಕಿಂತ ಮೊದ್ಲು ರುಚಿ ನೋಡ್ಬಾರ್ದಲ್ಲ ಅತ್ತೆ!"

"ಅವನು ನೋಡ್ಲಿ," ಎಂದಳು ಅವ್ವ. "ಇವನ ಬಾಯಿಗೆ ಆದ್ರೆ ಅವ್ರ ಬಾಯಿಗೂ ಆಗುತ್ತೆ."

ನಾಲಿಗೆಯ ಬಲ ಅಂಚಿಗೆ ಹಚ್ಚಿಕೊಂಡೆ. ಕಿವಿಯವರೆಗೆ ಹತ್ತಿತು. ಕಣ್ಣು ಮೂಗಿನಲ್ಲಿ ನೀರು ಬಂತು, ಕೆಮ್ಮು ಬಂತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಉರೀತಾ?"

"ಉರೀತು ಅವ್ವ. ಮೆಣಸಿನ ಉರಿ ಇದು. ಹುಣ್ಣಿಂದಲ್ಲ."

"ಸರಿಯಾಗ್ ಹೇಳು."

"ಹುಣ್ಣಿಂದಲ್ಲ ಅವ್ವ. ನಂಗೊತ್ತಿಲ್ವಾ?"

ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಮೂರನೇ ಎಲೆಗೆ ಕಡುಬು ಬಡಿಸಿದಳು, ಪಲ್ಯ ಬಡಿಸಿದಳು. ಚಟ್ನಿ ಒಂದು ಚಮಚ ಹಾಕಿ, ನಿಂತು ಯೋಚಿಸಿ, ಇನ್ನೊಂದು ಚಮಚ ಹಾಕಿದಳು. ಎಲ್ಲರೂ ಹೊರಬಂದು ಬಾಗಿಲು ಹಾಕಿದೆವು. ಹಜಾರದಲ್ಲಿ ಸಾಲಾಗಿ ಕೂತೆವು. ಒಳಗಿನಿಂದ ಏನೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತು ಕಳೆಯಿತು. ಅವ್ವ ನನ್ನ ತೋಳು ಹಿಡಿದಳು.

"ನೀರಿನ ಲೋಟ ಇಟ್ವಾ?"

"ಇಟ್ಟಿದೀನಿ," ಎಂದೆ. "ದೊಡ್ಡದೇ ಇಟ್ಟಿದೀನಿ."